ಪ್ರಯಾಣದ ಲೆಕ್ಕ ಬದಲಾಗುತ್ತಿದೆ

ಪ್ರಶ್ನೆ: ಹೊಸ ಮೆಟ್ರೊ ಮಾರ್ಗದಲ್ಲಿ ಎಷ್ಟು ಜನ ಓಡಾಡುತ್ತಾರೆಂದು ಮೊದಲೇ ಹೇಗೆ ಅಂದಾಜಿಸುತ್ತಾರೆ? ಮನೆಯಿಂದಲೇ ಕೆಲಸ ಮಾಡುವ ಈ ಕಾಲಕ್ಕೆ ಆ ಲೆಕ್ಕ ಹೊಂದುತ್ತದೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: 1950ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್, ಶಿಕಾಗೊ ನಗರಗಳಲ್ಲಿ ರೂಪುಗೊಂಡ ನಾಲ್ಕು ಹಂತದ ಮಾದರಿಯೇ ಇಂದಿಗೂ ಅನೇಕ ಯೋಜನೆಗಳಿಗೆ ಆಧಾರ. ಪ್ರತಿ ಪ್ರದೇಶದಿಂದ ಎಷ್ಟು ಪ್ರಯಾಣಗಳು ಹೊರಡುತ್ತವೆ, ಎಲ್ಲಿಗೆ, ಯಾವ ವಾಹನದಲ್ಲಿ, ಯಾವ ದಾರಿಯಲ್ಲಿ ಎಂಬುದನ್ನು ಅದು ಒಂದರ ನಂತರ ಒಂದಾಗಿ ಅಂದಾಜಿಸುತ್ತದೆ. ಆದರೆ ಮಗುವನ್ನು ಶಾಲೆಗೆ ಬಿಟ್ಟು, ಅಲ್ಲಿಂದ ಕೆಲಸಕ್ಕೆ ಹೋಗಿ, ಬರುವಾಗ ಔಷಧಿ, ಸೊಪ್ಪು ಕೊಂಡು ಮನೆ ಸೇರುವ ತಾಯಿಯ ದಿನವನ್ನು ಆ ಲೆಕ್ಕ ಬಿಡಿಬಿಡಿ ಪ್ರಯಾಣಗಳಾಗಿ ಒಡೆದುಬಿಡುತ್ತದೆ. ಮಗುವನ್ನು ಬಿಡಬೇಕಾದ ಕಾರಣಕ್ಕೇ ಆಕೆ ಮೆಟ್ರೊ ಹತ್ತದೆ ಸ್ಕೂಟರ್ ತೆಗೆದರು ಎಂಬುದು ಅದಕ್ಕೆ ಕಾಣುವುದಿಲ್ಲ. ಇದು ಸಣ್ಣ ಕೊರತೆಯಲ್ಲ. ಚಟುವಟಿಕೆ ಆಧಾರಿತ ಹೊಸ ಮಾದರಿಗಳು ಮನೆಮಂದಿಯ ಇಡೀ ದಿನಚರಿಯನ್ನೇ ಹಿಡಿದು ಲೆಕ್ಕ ಹಾಕುವುದರಿಂದ, ವಾರದಲ್ಲಿ ಎರಡು ದಿನ ಕಚೇರಿಗೆ ಹೋಗದಿದ್ದರೆ ಏನಾಗುತ್ತದೆ ಎಂದೂ ಪರೀಕ್ಷಿಸಬಹುದು. ನಮ್ಮಲ್ಲೇ 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ದರವೇ ಇಲ್ಲವಾಯಿತು. ಅದಕ್ಕೂ ಹಿಂದಿನ ಸಮೀಕ್ಷೆಗಳನ್ನೇ ನಂಬಿ ಇಂದು ಬಸ್ಸುಗಳ ಸಂಖ್ಯೆ ನಿರ್ಧರಿಸುವುದು ಸರಿಯಾಗದು. ಹೀಗಾಗಿ ತಜ್ಞರು ಈಗ ಒಂದೇ ಭವಿಷ್ಯಕ್ಕೆ ಅಂಟಿಕೊಳ್ಳದೆ, ಹಲವು ಸಾಧ್ಯತೆಗಳನ್ನು ಬೇರೆಬೇರೆಯಾಗಿ ಲೆಕ್ಕ ಹಾಕುತ್ತಿದ್ದಾರೆ.