ಓದುಗರ ಪ್ರಶ್ನೆ: ಕಡಿಮೆ ಓಡಿದ ಲ್ಯಾಂಡ್ ಕ್ರೂಸರ್ ದೂರದ ಹಾದಿಗೆ ಸಜ್ಜಾಗುವ ಬಗೆ

ಪ್ರಶ್ನೆ: 1996ರ ಟೊಯೊಟಾ ಲ್ಯಾಂಡ್ ಕ್ರೂಸರ್ 80 ಕೊಂಡಿದ್ದೇನೆ. 4.5 ಲೀಟರ್ ಪೆಟ್ರೋಲ್ ಎಂಜಿನ್, ಮುಂದೆ ಹಿಂದೆ ಎರಡೂ ಕಡೆ ಕಂಪನಿಯದೇ ಡಿಫ್ (ಡಿಫರೆನ್ಷಿಯಲ್) ಲಾಕ್, ಅಂದರೆ ಆಕ್ಸಲ್ಲಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ಸಾಧನ. ಓಡಿರುವುದು ಬರೀ 38 ಸಾವಿರ ಕಿ.ಮೀ.; ಬಹುಕಾಲ ಶೆಡ್ಡಿನಲ್ಲೇ ನಿಂತಿತ್ತು. ವಾರಗಟ್ಟಲೆ ರಸ್ತೆಯಿಲ್ಲದ ಕಡೆ ಓಡಾಡುವ ಆಸೆ. ಮೊದಲು ಗಾಡಿ ಎತ್ತರಿಸಿ ದೊಡ್ಡ ಟೈರ್ ಹಾಕಿಸಲೇ?

ಉತ್ತರ: ಸದ್ಯಕ್ಕೆ ಆ ದುಡ್ಡು ಎತ್ತಿಡಿ. ರಬ್ಬರು, ಎಣ್ಣೆ, ಗ್ರೀಸಿಗೆ ಮುಪ್ಪು ಬರುವುದು ವರ್ಷದ ಲೆಕ್ಕದಲ್ಲಿ, ಕಿಲೋಮೀಟರಿನ ಲೆಕ್ಕದಲ್ಲಲ್ಲ. ನಿಮ್ಮ ಗಾಡಿಯ ಎಂಜಿನ್ನಿಗಿರುವುದು ಟೈಮಿಂಗ್ ಚೈನ್, ರಬ್ಬರಿನ ಬೆಲ್ಟ್ ಅಲ್ಲ. ಹಾಗಾಗಿ ಆ ಒಂದು ಚಿಂತೆಯಿಲ್ಲ. ಉಳಿದದ್ದೆಲ್ಲ ನೋಡಲೇಬೇಕು.

ಕೂಲಂಟ್ ಹೋಸುಗಳಿಂದ ಶುರು ಮಾಡಿ. ಎಂಜಿನ್ನಿನ ಹಿಂಬದಿ, ಕೈ ಸುಲಭಕ್ಕೆ ಹೋಗದ ಮೂಲೆಯಲ್ಲಿ, ಹೀಟರಿಗೆ ಹೋಗುವ ಒಂದು ಗಿಡ್ಡ ಹೋಸ್ ಇದೆ. ಈ ಮಾದರಿಯನ್ನು ಬಲ್ಲವರೆಲ್ಲ ಅದನ್ನು ಶಪಿಸಿದವರೇ. ಕೈಗೆ ಸಿಗುವುದಿಲ್ಲವೆಂದು ಮೆಕ್ಯಾನಿಕ್ ಅದನ್ನು ಬಿಟ್ಟುಬಿಡುತ್ತಾನೆ. ಮುಂದೆ ಯಾವಾಗಲೋ ಅದು ಬಿರಿದು, ಕೂಲಂಟ್ ಖಾಲಿಯಾಗಿ, ಎಂಜಿನ್ ಕುದಿದು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಎಲ್ಲ ಹೋಸು, ಕ್ಲಿಪ್ಪು, ಥರ್ಮೋಸ್ಟಾಟ್, ರೇಡಿಯೇಟರ್ ಮುಚ್ಚಳ ಒಟ್ಟಿಗೇ ಬದಲಿಸಿ. ಬ್ರೇಕ್ ದ್ರವ ಗಾಳಿಯ ತೇವ ಹೀರುವ ಗುಣದ್ದು, ಹಳೆಯದು ಒಂದು ಹನಿಯೂ ಉಳಿಯಬಾರದು. ಟ್ಯಾಂಕಿನ ಹಳೇ ಪೆಟ್ರೋಲ್ ಸುರಿದು ಫಿಲ್ಟರ್ ಬದಲಿಸಿ.

ಮುಂದಿನ ಆಕ್ಸಲ್ಲಿನ ಸ್ಟಿಯರಿಂಗ್ ಗೋಳಗಳನ್ನು ಬೆರಳಿಂದ ಒರೆಸಿ ನೋಡಿ. ಗ್ರೀಸಿನ ತೆಳು ಪದರವಷ್ಟೇ ಅಂಟಿದರೆ ಸರಿ. ಕಪ್ಪು ಎಣ್ಣೆ ಜಿನುಗಿ ಚಕ್ರದ ಒಳಬದಿಗೆ ಸಿಡಿದಿದ್ದರೆ ಒಳಗಿನ ಆಕ್ಸಲ್ ಸೀಲ್ ಒಣಗಿ, ಡಿಫ್ ಎಣ್ಣೆ ಗ್ರೀಸಿಗೆ ಬೆರೆತಿದೆ ಎಂದರ್ಥ. ಸೀಲು, ಬೇರಿಂಗು, ಗ್ರೀಸು ಎಲ್ಲವನ್ನೂ ಎರಡೂ ಕಡೆ ಒಮ್ಮೆಗೇ ಮಾಡಿಸಿ.

ಇನ್ನು ಡಿಫ್ ಲಾಕ್. ಈ ಗಾಡಿಗೆ ಬೆಲೆ ಬಂದಿರುವುದೇ ಅದರಿಂದ, ಆದರೆ ನಿಂತ ಗಾಡಿಯಲ್ಲಿ ಮೊದಲು ಕೈಕೊಡುವುದೂ ಅದೇ. ಲಾಕನ್ನು ತಳ್ಳುವ ಮೋಟಾರಿನೊಳಗೆ ಗ್ರೀಸು ಗಟ್ಟಿಯಾಗಿ, ತೇವ ಸೇರಿ ತುಕ್ಕು ಹಿಡಿದು ಕೂತಿರುತ್ತದೆ. ಸಡಿಲ ಮಣ್ಣಿನ ಮೇಲೆ ಲೋ ರೇಂಜಿಗೆ (ನಿಧಾನಕ್ಕೆ ಹೆಚ್ಚು ಬಲ ಕೊಡುವ ಗೇರ್) ಹಾಕಿ, ನಡಿಗೆಯ ವೇಗದಲ್ಲಿ ನೇರಕ್ಕೆ ಓಡಿಸುತ್ತ ಗುಂಡಿ ತಿರುಗಿಸಿ, ಮೊದಲು ಹಿಂದಿನದು, ಆಮೇಲೆ ಮುಂದಿನದು. ದೀಪ ಮಿನುಗಿ ನಂತರ ನಿಂತು ಉರಿದರೆ ಲಾಕ್ ಬಿದ್ದಿದೆ. ಮಿನುಗುತ್ತಲೇ ಇದ್ದರೆ ಮೋಟಾರ್ ಬಿಚ್ಚಿ ಶುಚಿ ಮಾಡಿಸಿ. ಸರಿಯಾದ ಮೇಲೂ ತಿಂಗಳಿಗೊಮ್ಮೆ ಹಾಕಿ ತೆಗೆಯುತ್ತಿರಿ. ಡಾಂಬರಿನ ಮೇಲೆ ಮಾತ್ರ ಬೇಡ.

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಮುದ್ರೆ ಇರುತ್ತದೆ. 2311 ಎಂದಿದ್ದರೆ 2011ರ 23ನೇ ವಾರದ್ದು. ಹತ್ತು ವರ್ಷ ದಾಟಿದ ಟೈರು ಹೊಸದರಂತೆ ಹೊಳೆದರೂ ನಂಬಬೇಡಿ, ಸ್ಟೆಪ್ನಿಯನ್ನೂ ಸೇರಿಸಿ.

ಪ್ರಶ್ನೆ: ಅದೆಲ್ಲ ಆಯಿತು ಎಂದುಕೊಳ್ಳೋಣ. ಎಷ್ಟು ಎತ್ತರಿಸಬಹುದು?

ಉತ್ತರ: ಎತ್ತರಕ್ಕಿಂತ ಮೊದಲು ತೂಕ ಹೇಳಿ. 95 ಲೀಟರ್ ಪೆಟ್ರೋಲ್ ಸುಮಾರು 70 ಕಿಲೋ, 40 ಲೀಟರ್ ನೀರು 40 ಕಿಲೋ, ಇಬ್ಬರು ಜನ 150, ಕಬ್ಬಿಣದ ಬಂಪರ್ ಮತ್ತು ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ರಾಟೆ) ಸೇರಿ 100, ಛಾವಣಿಯ ಟೆಂಟು ಮತ್ತು ರ್‍ಯಾಕ್ 95, ಡ್ರಾಯರ್ 60, ತುಂಬಿದ ಫ್ರಿಜ್ 45, ಉಪಕರಣ 40. ಆಗಲೇ 600 ಕಿಲೋ! ಗಾಡಿಯ ಫಲಕದಲ್ಲಿ ಬರೆದ ಒಟ್ಟು ತೂಕದ ಮಿತಿಯ ಪಕ್ಕದಲ್ಲಿಟ್ಟು ನೋಡಿದರೆ ಯಾವುದನ್ನು ಮನೆಯಲ್ಲೇ ಬಿಡಬೇಕೆಂದು ತಾನೇ ಗೊತ್ತಾಗುತ್ತದೆ. ನಮ್ಮ ಮಟ್ಟಿಗೆ ಮೊದಲು ಬಿಡಬೇಕಾದದ್ದು ಛಾವಣಿಯ ಭಾರ. ಓಡುವಾಗ ಛಾವಣಿ ತಾಳುವ ತೂಕ ಬೇರೆ, ನಿಂತಾಗಿನದು ಬೇರೆ. ಕೈಪಿಡಿಯಲ್ಲಿ ಓಡುವಾಗಿನದನ್ನೇ ನೋಡಿ.

ಸ್ಪ್ರಿಂಗನ್ನು ಸದಾ ಗಾಡಿಯಲ್ಲೇ ಇರುವ ಭಾರಕ್ಕೆ ತಕ್ಕಂತೆ ಆರಿಸಿ, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರನ್ನೇ ಹಾಕಿಸಿ. 50 ಮಿ.ಮೀ. ಎತ್ತರ ಧಾರಾಳ ಸಾಕು. ಅಷ್ಟಕ್ಕೇ ಮುಂದಿನ ಆಕ್ಸಲ್ ಹೊರಳಿ ಕ್ಯಾಸ್ಟರ್ ಕೋನ (ಚಕ್ರವನ್ನು ನೇರಕ್ಕೆ ಹಿಡಿಯುವ ಸ್ಟಿಯರಿಂಗ್ ಅಕ್ಷದ ಓರೆ) ಸುಮಾರು ಎರಡು ಡಿಗ್ರಿ ತಗ್ಗುತ್ತದೆ, ಹೆದ್ದಾರಿಯಲ್ಲಿ ಸ್ಟಿಯರಿಂಗ್ ಅಲೆದಾಡುತ್ತದೆ. ಕ್ಯಾಸ್ಟರ್ ಸರಿಪಡಿಸುವ ಬುಷ್ ಅದೇ ದಿನ ಹಾಕಿಸಿ. ಹಲವರು ಮರೆಯುವ ಇನ್ನೊಂದು ಕೆಲಸ: ಹಿಂದಿನ ಆಕ್ಸಲ್ಲಿಗೆ ಸರಳಿನಿಂದ ಕಟ್ಟಿದ ಬ್ರೇಕ್ ವಾಲ್ವ್ ಭಾರ ಅಳೆಯುವುದು ಚಾಸಿಗೂ ಆಕ್ಸಲ್ಲಿಗೂ ಇರುವ ಅಂತರದಿಂದ. ಗಾಡಿ ಎತ್ತರಿಸಿದರೆ ಅದು ಖಾಲಿ ಗಾಡಿಯೆಂದೇ ತಿಳಿದು ಹಿಂದಿನ ಬ್ರೇಕ್ ಒತ್ತಡ ತಗ್ಗಿಸುತ್ತದೆ. ಸರಳನ್ನು ಹೊಸ ಎತ್ತರಕ್ಕೆ ಹೊಂದಿಸಿ.

ಟೈರು 275/70 ಆರ್16ರಿಂದ 285/75 ಆರ್16ಕ್ಕೆ ಹೋದರೆ ವ್ಯಾಸ 791ರಿಂದ 834 ಮಿ.ಮೀ. ಆಗುತ್ತದೆ. ಸ್ಪೀಡೋಮೀಟರ್ 95 ತೋರಿಸುವಾಗ ನೀವು 100ರಲ್ಲಿರುತ್ತೀರಿ. ಅದಕ್ಕೂ ಮೇಲೆ ಹೋಗಬೇಡಿ.

ಪ್ರಶ್ನೆ: ಫ್ರಿಜ್ಜಿಗಾಗಿ ಎರಡನೇ ಬ್ಯಾಟರಿ ಹಿಂದೆ ಇಡಬೇಕು. ಯಾವ ದಪ್ಪದ ತಂತಿ?

ಉತ್ತರ: 40 ಲೀಟರಿನ 12 ವೋಲ್ಟ್ ಫ್ರಿಜ್ ದಿನಕ್ಕೆ ಸುಮಾರು 30ರಿಂದ 40 ಆಂಪಿಯರ್ ಅವರ್ ತಿನ್ನುತ್ತದೆ, 100ರ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಎರಡು ದಿನ ನಿಲ್ಲಬಹುದು. 30 ಆಂಪಿಯರ್ ಚಾರ್ಜರಿಗೆ ಐದು ಮೀಟರ್ ದೂರ, ಅಂದರೆ ಹೋಗಿ ಬರುವ ದಾರಿ ಹತ್ತು ಮೀಟರ್. 6 ಚದರ ಮಿ.ಮೀ. ತಂತಿಯಾದರೆ 0.86 ವೋಲ್ಟ್ ದಾರಿಯಲ್ಲೇ ಸೋರುತ್ತದೆ, 16ರದಾದರೆ 0.32. 16ರದನ್ನೇ ಹಾಕಿ. ಎರಡೂ ಬ್ಯಾಟರಿಗಳ ಪ್ಲಸ್ ತುದಿಗೆ ಒಂದು ಗೇಣಿನೊಳಗೆ ಫ್ಯೂಸ್ ಇರಲಿ. ಅದಿಲ್ಲದೆ ತಂತಿ ಚಾಸಿಗೆ ಉಜ್ಜಿದರೆ ಬೆಂಕಿಯೇ. ಹೊಸದಾಗಿ ತೂತು ಕೊರೆಯದೆ ಫೈರ್‌ವಾಲಿನ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡು) ಹಳೇ ರಬ್ಬರ್ ಗ್ರಾಮೆಟ್ಟಿನ, ಅಂದರೆ ತೂತಿನ ರಬ್ಬರ್ ಬಳೆಯ, ಮೂಲಕವೇ ದಾಟಿಸಿ.

ಪ್ರಶ್ನೆ: ಎಂಜಿನ್ ನೀರಿನ ಮೇಲಿಂದ ಗಾಳಿ ಎಳೆಯಲು ಹಾಕುವ ಎತ್ತರದ ಕೊಳವೆ, ಸ್ನಾರ್ಕೆಲ್, ಬೇಕೇ?

ಉತ್ತರ: ಆಳದ ಹೊಳೆಗಳನ್ನು ಮತ್ತೆ ಮತ್ತೆ ದಾಟುವುದಿದ್ದರೆ ಮಾತ್ರ. ಅದಕ್ಕೆ ಮಡ್‌ಗಾರ್ಡ್ ಕೊರೆಯಬೇಕು, ಇಂಥ ಅಪರೂಪದ ಗಾಡಿಯಲ್ಲಿ ಆ ತೂತು ಮುಚ್ಚಲಾಗದು. ಹಾಕಲೇಬೇಕೆಂದರೆ ಹಳೆಯ ಮಡ್‌ಗಾರ್ಡ್ ಒಂದನ್ನು ಹುಡುಕಿ ಅದನ್ನು ಕೊರೆಸಿ, ಮೂಲದ್ದನ್ನು ಬಿಚ್ಚಿ ಕಂಬಳಿ ಸುತ್ತಿಡಿ. ಅದಕ್ಕಿಂತ ಮುಖ್ಯ ಆಕ್ಸಲ್ ಬ್ರೀದರ್, ಅಂದರೆ ಆಕ್ಸಲ್ಲಿನೊಳಗೆ ಗಾಳಿಯಾಡುವ ಕಿಂಡಿ. ಕಾದ ಆಕ್ಸಲ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ ನೀರನ್ನು ಸೀಲಿನ ಮೂಲಕ ಎಳೆದುಕೊಳ್ಳುತ್ತದೆ. ಬ್ರೀದರಿಗೆ ಕೊಳವೆ ಸೇರಿಸಿ ಬಾನೆಟ್ಟಿನೊಳಗೆ ಎತ್ತರಕ್ಕೆ ಕಟ್ಟಿ. ಹೊಳೆ ದಾಟಿದ ಮರುದಿನ ಡಿಫ್ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಮುಂದೆ ಹೋಗುವ ಮೊದಲು ಬದಲಿಸಿ.