ಬಣ್ಣ ಆಮೇಲೆ, ಮುಖ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪಾಪ್ ಆರ್ಟ್ (ಸಿನಿಮಾ, ಜಾಹೀರಾತಿನಂಥ ಜನಪ್ರಿಯ ಚಿತ್ರಗಳನ್ನೇ ಎತ್ತಿಕೊಂಡು ಮಾಡುವ ಕಲೆ) ಬಗ್ಗೆ, ಅದರಲ್ಲೂ ನಟನಟಿಯರ, ಗಾಯಕರ ಮುಖಚಿತ್ರಗಳ ಬಗ್ಗೆ. ಎಲ್ಲಕ್ಕೂ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಸರ್, ಫೋಟೋ ಹಾಕಿದರೆ ಸಾಕು, ಮೊಬೈಲ್ ಆ್ಯಪ್ ಕ್ಷಣದಲ್ಲಿ ಅಮೆರಿಕದ ಪಾಪ್ ಆರ್ಟ್ ಕಲಾವಿದ ಆಂಡಿ ವಾರ್ಹಾಲ್ ಥರ ಚಿತ್ರ ಮಾಡಿಕೊಡುತ್ತದೆ. ಹಾಗಾದರೆ ವಾರ್ಹಾಲ್ ಮಾಡಿದ್ದರಲ್ಲಿ ದೊಡ್ಡಸ್ತಿಕೆ ಏನು?

ಉತ್ತರ: ನಾನು ಸ್ಕ್ರೀನ್ ಪ್ರಿಂಟಿಂಗ್, ಅಂದರೆ ಜಾಲರಿ ಬಟ್ಟೆಯ ಮೂಲಕ ಮಸಿ ಒತ್ತಿ ಅಚ್ಚು ಹಾಕುವ ಕೆಲಸದಿಂದ ಬಂದವನು. ಹಾಗಾಗಿ ಮಸಿಯ ಕಡೆಯಿಂದಲೇ ಹೇಳುತ್ತೇನೆ. 1962ರ ಆಗಸ್ಟ್‌ನಲ್ಲಿ ಹಾಲಿವುಡ್ ನಟಿ ಮರ್ಲಿನ್ ಮನ್ರೋ ತೀರಿಕೊಂಡರು. ಅದಾದ ಸ್ವಲ್ಪ ದಿನಕ್ಕೇ ವಾರ್ಹಾಲ್ ಅವರದೊಂದು ಹಳೆಯ ಫೋಟೋ ಹಿಡಿದು ಕೂತರು. 1953ರ ‘ನಯಾಗರ’ ಸಿನಿಮಾದ ಪ್ರಚಾರಕ್ಕೆ ತೆಗೆದ ಫೋಟೋ ಅದು. ಮುಖವನ್ನಷ್ಟೇ ಕತ್ತರಿಸಿಕೊಂಡರು. ನಡುವಿನ ಬೂದು ಛಾಯೆ ಕಳೆದು, ಗಾಢ ಕಪ್ಪನ್ನು ಉಳಿಸಿಕೊಂಡು ಸ್ಕ್ರೀನ್‌ಗೆ ಇಳಿಸಿದರು. ಕ್ಯಾನ್ವಾಸ್ ಮೇಲೆ ಮೊದಲು ಕೂದಲಿಗೆ ಹಳದಿ, ತುಟಿಗೆ ಕೆಂಪು, ರೆಪ್ಪೆಗೆ ನೀಲಿ. ಆಮೇಲೆ ಅದರ ಮೇಲೆ ಕಪ್ಪು ಮಸಿ.

ಲಂಡನ್ನಿನ ಟೇಟ್ ಕಲಾ ಸಂಗ್ರಹದಲ್ಲಿರುವ ‘ಮರ್ಲಿನ್ ಡಿಪ್ಟಿಕ್’ನಲ್ಲಿ ಇಂಥ 50 ಮುಖಗಳಿವೆ. ಎಡಕ್ಕೆ ಬಣ್ಣದ 25, ಬಲಕ್ಕೆ ಕಪ್ಪು-ಬಿಳುಪಿನ 25. ಬಲಭಾಗವನ್ನು ನಿಧಾನವಾಗಿ ನೋಡಿ. ಒಂದು ಕಡೆ ಮಸಿ ಜಾಸ್ತಿಯಾಗಿ ಮುಖಗಳೇ ಮುಳುಗಿವೆ. ಬಲ ತುದಿಗೆ ಹೋದ ಹಾಗೆ ಮಾಸುತ್ತಾ ಬಂದು ಕಂಡೂ ಕಾಣದಂತಾಗಿವೆ. ಮಸಿ ಕಟ್ಟಿದರೆ, ಸ್ಕ್ವೀಜಿಯಲ್ಲಿ (ಮಸಿ ಎಳೆಯುವ ರಬ್ಬರ್ ಪಟ್ಟಿ) ಮಸಿ ಕಮ್ಮಿಯಾದರೆ ಹೀಗಾಗುತ್ತದೆ. ನಾವಾಗಿದ್ದರೆ ಅಂಥ ಶೀಟನ್ನು ವೇಸ್ಟ್ ಅಂತ ಪಕ್ಕಕ್ಕೆ ಎಸೆಯುತ್ತಿದ್ದೆವು. ವಾರ್ಹಾಲ್ ಅದನ್ನೇ ಇಟ್ಟುಕೊಂಡರು. ಆಗಷ್ಟೇ ಸತ್ತ ನಟಿಯ ಮುಖ ಅಳಿಸಿಹೋಗುತ್ತಿರುವುದು ನಮ್ಮ ಕಣ್ಣೆದುರಿಗೇ ಕಾಣುತ್ತದೆ. ಯಾವ ಶೀಟು ಎಸೆಯಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಅನ್ನುವುದು ಆ್ಯಪ್‌ಗೆ ಗೊತ್ತಾಗುವುದಿಲ್ಲ ಅಲ್ವಾ?

ಪ್ರಶ್ನೆ: ಅವರ ಮರ್ಲಿನ್ ಚಿತ್ರ ಕೋಟಿಗಟ್ಟಲೆಗೆ ಮಾರಾಟವಾಯಿತಂತೆ. ನಿಜವಾ?

ಉತ್ತರ: ನಿಜ. 1964ರ ‘ಶಾಟ್ ಸೇಜ್ ಬ್ಲೂ ಮರ್ಲಿನ್’ 2022ರ ಮೇ ತಿಂಗಳ ಹರಾಜಿನಲ್ಲಿ ಸುಮಾರು 19.5 ಕೋಟಿ ಡಾಲರ್‌ಗೆ ಹೋಯಿತು. ಅದರಲ್ಲಿ ಚಿತ್ರಕ್ಕೆಷ್ಟು, ಹೆಸರಿಗೆಷ್ಟು ಅಂತ ಮಾತ್ರ ನನ್ನನ್ನು ಕೇಳಬೇಡಿ.

ಪ್ರಶ್ನೆ: ಬರೀ ನೇರ ಗೆರೆಗಳಲ್ಲಿ, ಚೂರು ಚೂರು ಬಣ್ಣದಲ್ಲಿ ಮಾಡುವ ಮುಖಚಿತ್ರ ಕಲಿಯುತ್ತಿದ್ದೇನೆ. ನನ್ನ ನಟ ಯಾರಿಗೂ ಗುರುತು ಸಿಗುತ್ತಿಲ್ಲ!

ಉತ್ತರ: ಅದು ಇಂಡೋನೇಷ್ಯಾದ ವೇದಾ ಅಬ್ದುಲ್ ರಶೀದ್ ಬೆಳೆಸಿದ ಶೈಲಿ, ಡಬ್ಲ್ಯೂಪಿಎಪಿ, ಅಂದರೆ ‘ವೇದಾಸ್ ಪಾಪ್ ಆರ್ಟ್ ಪೋರ್ಟ್ರೇಟ್’. ಬಾಗಿದ ಗೆರೆ ಇಲ್ಲ, ಚರ್ಮದ ಬಣ್ಣವೂ ಬೇಕಿಲ್ಲ. ಆದರೆ ಕತ್ತಲೆ-ಬೆಳಕು ಮಾತ್ರ ತಪ್ಪಬಾರದು. ಕೆನ್ನೆಗೆ ನೇರಳೆ ಹಾಕಿ, ಹಸಿರು ಹಾಕಿ, ಅಭ್ಯಂತರವಿಲ್ಲ. ಬೆಳಕು ಬಿದ್ದ ಜಾಗಕ್ಕೆ ತಿಳಿ ಬಣ್ಣ, ನೆರಳಿಗೆ ಗಾಢ ಬಣ್ಣ ಇರಬೇಕು. ಮಾಡಿದ ಚಿತ್ರವನ್ನು ಮೊಬೈಲ್‌ನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ. ಆಗಲೂ ಗುರುತು ಸಿಗದಿದ್ದರೆ ಬಣ್ಣ ಬದಲಿಸಿ ಉಪಯೋಗವಿಲ್ಲ, ಕಣ್ಣು ಮತ್ತು ಮೂಗಿನ ಚೂರುಗಳನ್ನು ಮತ್ತೆ ಕತ್ತರಿಸಿ.

ಪ್ರಶ್ನೆ: ಇಂಟರ್ನೆಟ್‌ನಲ್ಲಿ ಸಿಕ್ಕ ಗಾಯಕನ ಫೋಟೋ ನೋಡಿ ಪಾಪ್ ಆರ್ಟ್ ಮಾಡಿದೆ. ಪ್ರಿಂಟ್ ಮಾಡಿ ಮಾರಬಹುದಾ? ಬಣ್ಣವೆಲ್ಲ ನನ್ನದೇ.

ಉತ್ತರ: ಬಣ್ಣ ನಿಮ್ಮದು, ಫೋಟೋ ಯಾರದು? ವಾರ್ಹಾಲ್ ಚಿತ್ರವೇ ಇದರಲ್ಲಿ ಸಿಕ್ಕಿಬಿದ್ದಿದೆ. ಗಾಯಕ ಪ್ರಿನ್ಸ್ ಅವರ ಫೋಟೋವನ್ನು 1981ರಲ್ಲಿ ಲಿನ್ ಗೋಲ್ಡ್‌ಸ್ಮಿತ್ ತೆಗೆದಿದ್ದರು. 1984ರಲ್ಲಿ ಒಂದು ಪತ್ರಿಕೆ 400 ಡಾಲರ್ ಕೊಟ್ಟು, ಒಂದೇ ಸಲ ಬಳಸುವ ಷರತ್ತಿನ ಮೇಲೆ ಅದನ್ನು ಪಡೆಯಿತು. ಅದನ್ನು ನೋಡಿ ವಾರ್ಹಾಲ್ ಮಾಡಿದ್ದು ಒಂದಲ್ಲ, 16. ವಾರ್ಹಾಲ್ 1987ರಲ್ಲಿ ತೀರಿಕೊಂಡರು. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಅವುಗಳಲ್ಲಿ ಕಿತ್ತಳೆ ಬಣ್ಣದ್ದು ವಿಶೇಷ ಸಂಚಿಕೆಯ ಮುಖಪುಟಕ್ಕೆ ಬಂತು. ವಾರ್ಹಾಲ್ ಫೌಂಡೇಶನ್‌ಗೆ ಸುಮಾರು 10,000 ಡಾಲರ್ ಸಿಕ್ಕಿತು, ಫೋಟೋ ತೆಗೆದವರಿಗೆ ಸೊನ್ನೆ. ಕೇಸು ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿ, 2023ರಲ್ಲಿ 7-2ರ ತೀರ್ಪು ಗೋಲ್ಡ್‌ಸ್ಮಿತ್ ಪರವಾಗಿ ಬಂತು. ತೀರ್ಪು ಹೇಳಿದ್ದು ಪತ್ರಿಕೆಗೆ ಚಿತ್ರ ಕೊಟ್ಟ ಆ ಒಂದು ವ್ಯವಹಾರದ ಬಗ್ಗೆ ಮಾತ್ರ. ಕಾನೂನು ದೇಶದಿಂದ ದೇಶಕ್ಕೆ ಬೇರೆ ಬೇರೆ. ಆದರೂ ನನಗೆ ಆ ತೀರ್ಪು ಸರಿ ಅನ್ನಿಸುತ್ತದೆ. ಮಾರುವ ಮೊದಲು ಫೋಟೋ ತೆಗೆದವರನ್ನು ಒಂದು ಮಾತು ಕೇಳಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಮನೆಯ ಗೋಡೆಗಾದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ಸ್ಟಾರ್‌ಗಳ ಮುಖ ಬೇಡ, ನಮ್ಮತ್ತೆಯವರದ್ದು ಮಾಡಿದರೆ ಪಾಪ್ ಆರ್ಟ್ ಆಗುತ್ತಾ?

ಉತ್ತರ: ಖಂಡಿತ ಆಗುತ್ತದೆ. 1970ರ ದಶಕದಲ್ಲಿ ವಾರ್ಹಾಲ್ 25,000 ಡಾಲರ್ ಕೊಟ್ಟವರ ಚಿತ್ರವನ್ನೆಲ್ಲ ಮಾಡಿಕೊಡುತ್ತಿದ್ದರು. ಮೊದಲು ಪೊಲರಾಯ್ಡ್ ಬಿಗ್ ಶಾಟ್ ಕ್ಯಾಮೆರಾದಲ್ಲಿ ಫೋಟೋ ತೆಗೆಯುತ್ತಿದ್ದರು. ಅದರ ಫೋಕಸ್ ಬದಲಾಗುವುದಿಲ್ಲ, ಹಾಗಾಗಿ ಅವರೇ ಹಿಂದೆ ಮುಂದೆ ಹೆಜ್ಜೆ ಹಾಕಬೇಕಿತ್ತು. ಎದುರಿಗೆ ಕೂತವರ ಮುಖಕ್ಕೆ ಬಿಳಿ ಮೇಕಪ್ ಹಚ್ಚಿಸುತ್ತಿದ್ದರು, ಸುಕ್ಕೆಲ್ಲ ಮಾಯ! ನೀವು ಅಷ್ಟು ಮಾಡಬೇಕಿಲ್ಲ. ಒಂದೇ ಕಡೆಯಿಂದ ಬೆಳಕು ಬೀಳುವ ಹಾಗೆ ಕೂರಿಸಿ, ಫೋಟೋ ನೀವೇ ತೆಗೆಯಿರಿ. ಮೇಲಿನ ಪ್ರಶ್ನೆಯ ತಲೆನೋವೂ ಇರುವುದಿಲ್ಲ. ಕೂದಲಿಗೆ ಯಾವ ಬಣ್ಣ ಅನ್ನುವುದನ್ನು ಮಾತ್ರ ಅವರನ್ನೇ ಕೇಳಿ ಹಾಕಿ.