ಓದುಗರ ಪ್ರಶ್ನೆ: ‘ಫ್ಲಿಪ್ಪರ್’ ನಿಜಕ್ಕೂ ನಗುತ್ತಿತ್ತೇ?

ಪ್ರಶ್ನೆ: ಹಳೆಯ ‘ಫ್ಲಿಪ್ಪರ್’ ಧಾರಾವಾಹಿಯನ್ನು ಮಕ್ಕಳ ಜೊತೆ ನೋಡಿದೆ. ಡಾಲ್ಫಿನ್ ನಗುತ್ತದೆ, ತಲೆಯಾಡಿಸಿ ಮಾತಾಡುತ್ತದೆ. ಅದು ಒಂದೇ ಪ್ರಾಣಿಯೇ? (ಓದುಗರು, ಶಿರಸಿ)

ಉತ್ತರ: ಅಲ್ಲ. 1963ರ ಸಿನಿಮಾದಲ್ಲಿ ಮುಖ್ಯವಾಗಿ ಕಾಣುವುದು ಮಿಟ್ಸಿ ಎಂಬ ಹೆಣ್ಣು ಡಾಲ್ಫಿನ್. ಬಾಲದ ಮೇಲೆ ಎದ್ದು ನಿಂತು ಸಾಗುವ ಕಸರತ್ತು ಅದಕ್ಕೆ ಒಗ್ಗಲಿಲ್ಲ, ಆ ಶಾಟ್‌ಗೆ ಒಂದು ಗಂಡನ್ನು ತಂದರು. 1964ರಿಂದ 1967ರವರೆಗೆ ಬಂದ ಧಾರಾವಾಹಿಯಲ್ಲಿ ಮಯಾಮಿ ಸೀಕ್ವೇರಿಯಂನ ಹಲವು ಹೆಣ್ಣುಗಳು ಸರದಿಯ ಮೇಲೆ ‘ನಟಿಸಿದವು’. ಸೂಸಿ, ಕ್ಯಾಥಿ ಅವುಗಳಲ್ಲಿ ಮುಖ್ಯವಾದವು. ಹೆಣ್ಣೇ ಏಕೆಂದರೆ, ಗಂಡುಗಳು ಜಗಳಾಡಿ ಒಂದರ ಮೈಯನ್ನು ಇನ್ನೊಂದು ಹಲ್ಲಿನಿಂದ ಗೀರುತ್ತವೆ. ಮೈಮೇಲಿನ ಗೀರು ಒಂದು ಶಾಟ್‌ನಲ್ಲಿದ್ದು ಮುಂದಿನದರಲ್ಲಿ ಇಲ್ಲದಿದ್ದರೆ ಪ್ರೇಕ್ಷಕರಿಗೆ ಗುಟ್ಟು ರಟ್ಟಾಗುತ್ತದೆ.

ನಗು ದವಡೆಯ ಆಕಾರ, ಅಷ್ಟೇ. ಸತ್ತ ಡಾಲ್ಫಿನ್ನೂ ಹಾಗೆಯೇ ‘ನಗುತ್ತಿರುತ್ತದೆ’. ಅದರ ದನಿ ಹುಟ್ಟುವುದು ನೆತ್ತಿಯ ಉಸಿರುರಂಧ್ರದ ಕೆಳಗಿನ ನಾಳಗಳಲ್ಲಿ, ಅದಕ್ಕೆ ಬಾಯಿ ತೆರೆಯಬೇಕಿಲ್ಲ. ಬಾಯಿ ತೆರೆದು ತಲೆಯಾಡಿಸುವುದು ಕೈಸನ್ನೆಗೆ ಕಲಿಸಿದ ಪಾಠ. ತೆರೆಯ ಮೇಲೆ ಕೇಳುವ ಆ ಕಿಲಕಿಲ ಆಸ್ಟ್ರೇಲಿಯಾದ ಕೂಕಬರಾ ಹಕ್ಕಿಯ ಕೂಗನ್ನು ತಿದ್ದಿ ಸೇರಿಸಿದ್ದು!

ಪ್ರಶ್ನೆ: ಹೊಡೆಯದೆ, ಬಡಿಯದೆ ಇಷ್ಟೆಲ್ಲ ಕಲಿಸುವುದು ಹೇಗೆ? (ಓದುಗರು, ದಾವಣಗೆರೆ)

ಉತ್ತರ: ಸೀಟಿ, ಕೋಲು, ಮೀನು. ಮೊದಲು ಸೀಟಿ ಊದಿದ ಕೂಡಲೇ ಮೀನು ಕೊಡುತ್ತಾರೆ. ಹೀಗೆ ಹಲವು ಸಲ ಆದಮೇಲೆ ‘ಸೀಟಿ ಎಂದರೆ ಮಾಡಿದ್ದು ಸರಿ’ ಎಂದು ಅದಕ್ಕೆ ಗಟ್ಟಿಯಾಗುತ್ತದೆ. ಆಮೇಲೆ ತುದಿಗೆ ಚೆಂಡು ಕಟ್ಟಿದ ಉದ್ದನೆಯ ಕೋಲು ಬರುತ್ತದೆ. ಚೆಂಡಿಗೆ ಮೂತಿ ತಾಗಿಸಿದರೆ ಸೀಟಿ, ಮೀನು. ಚೆಂಡನ್ನು ದಿನದಿನಕ್ಕೆ ನೀರಿನಿಂದ ಒಂದೊಂದು ಗೇಣು ಮೇಲೆತ್ತುತ್ತಾ ಹೋದರೆ ಜಿಗಿತ ಬಂತು. ಜಿಗಿತ ಪಳಗಿದ ಮೇಲೆ ಮೊದಲು ಕೈಸನ್ನೆ, ಹಿಂದೆಯೇ ಕೋಲು. ಕೊನೆಗೆ ಕೋಲು ತೆಗೆದರೂ ಸನ್ನೆಯೊಂದೇ ಸಾಕಾಗುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಸೀಟಿಯಲ್ಲಿ. ಜಿಗಿತದ ತುತ್ತತುದಿಯಲ್ಲಿ ಊದಬೇಕಾದದ್ದನ್ನು ಒಂದು ಸೆಕೆಂಡ್ ತಡವಾಗಿ ಊದಿದರೆ, ನೀರಿಗೆ ದೊಪ್ಪನೆ ಬೀಳುವುದನ್ನೇ ನೀವು ಕಲಿಸಿದಂತೆ. ಹೊಟ್ಟೆ ತುಂಬಿದರೆ ಕೆಲಸ ನಿಂತಿತು. ಅದಕ್ಕೇ ದಿನದ ಪಾಲಿನಲ್ಲಿ ಒಂದಿಷ್ಟನ್ನು ಚಿತ್ರೀಕರಣಕ್ಕೆಂದು ಎತ್ತಿಟ್ಟು, ಟೇಕ್‌ಗೊಂದು ಸಣ್ಣ ತುಂಡು ಕೊಡುವುದು. ‘ಹೊಡೆಯುವುದಿಲ್ಲ’ ಎಂಬ ಮಾತು ನಿಜವಿರಬಹುದು. ಆದರೆ ಊಟದ ಕೀಲಿ ಸದಾ ಮನುಷ್ಯನ ಸೊಂಟದಲ್ಲೇ ಇರುತ್ತದೆ ಎಂಬುದನ್ನು ಮರೆಯಬೇಡಿ.

ಪ್ರಶ್ನೆ: ದಿನಾ ಮೀನು ಸಿಗುತ್ತದಲ್ಲ, ಮತ್ತೆ ಕೊಳದಲ್ಲಿ ಕಾಯಿಲೆ ಯಾಕೆ? (ಓದುಗರು, ಮಂಗಳೂರು)

ಉತ್ತರ: ಸುಮಾರು 200 ಕಿಲೋ ತೂಗುವ ಡಾಲ್ಫಿನ್‌ಗೆ ದಿನಕ್ಕೆ 8ರಿಂದ 10 ಕಿಲೋ ಮೀನು ಬೇಕು. ಸಿಗುವುದು ಮಂಜುಗಡ್ಡೆಯಾದ ಹೆರಿಂಗ್, ಬಂಗಡೆ ಜಾತಿಯವು. ಇಂಥ ಕೆಲವು ಮೀನುಗಳಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವವಿದೆ, ಶೇಖರಿಸಿಟ್ಟಷ್ಟೂ ನಷ್ಟ ಹೆಚ್ಚು. ಕೊರತೆಯಾದರೆ ನರಗಳೇ ಕೈಕೊಡುತ್ತವೆ. ಹಾಗಾಗಿ ಕಿಲೋ ಮೀನಿಗೆ ಕನಿಷ್ಠ 25 ಮಿಲಿಗ್ರಾಂ ಲೆಕ್ಕದಲ್ಲಿ ಬಿ1 ಮಾತ್ರೆಯನ್ನು ಮೀನಿನ ಕಿವಿರಿನೊಳಗೆ ತುರುಕಿ ಕೊಡುತ್ತಾರೆ. ಮೀನನ್ನು ನೀರಲ್ಲಿ ಮುಳುಗಿಸಿ ಕರಗಿಸಬಾರದು, ಸತ್ವ ತೊಳೆದು ಹೋಗುತ್ತದೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಕರಗಿಸಬೇಕು. ಇನ್ನು ನೀರಿನ ಕ್ಲೋರಿನ್ ಡಾಲ್ಫಿನ್ ಮೂತ್ರದೊಂದಿಗೆ ಸೇರಿ ಕ್ಲೋರಮೈನ್ ಆಗುತ್ತದೆ. ಕಣ್ಣು, ಚರ್ಮ ಎರಡೂ ಉರಿಯುತ್ತವೆ.

ಜಾಗದ ಮಾತು ಕೇಳಿ. ಅಮೆರಿಕದ ನಿಯಮದಂತೆ ಬಾಟಲ್‌ಮೂತಿ ಡಾಲ್ಫಿನ್‌ನ ಕೊಳ ಕನಿಷ್ಠ 7.32 ಮೀಟರ್ ಅಗಲ, 1.83 ಮೀಟರ್ ಆಳ ಇದ್ದರೆ ಸಾಕು. ನಾಲ್ಕು ಸಲ ಬಾಲ ಬೀಸುವಷ್ಟರಲ್ಲಿ ಗೋಡೆ ಎದುರಾಗುತ್ತದೆ.

‘ಫ್ಲಿಪ್ಪರ್’ನ ಡಾಲ್ಫಿನ್‌ಗಳನ್ನು ಪಳಗಿಸಿದ ರಿಕ್ ಓ’ಬ್ಯಾರಿ ಅವರೇ ತಿರುಗಿಬಿದ್ದರು. ಕ್ಯಾಥಿ 1970ರಲ್ಲಿ ಸತ್ತಿತು. ಡಾಲ್ಫಿನ್‌ಗೆ ಪ್ರತಿ ಉಸಿರೂ ಬೇಕೆಂದೇ ಎಳೆಯುವ ಉಸಿರು. ಕ್ಯಾಥಿ ತಾನಾಗಿಯೇ ಉಸಿರು ನಿಲ್ಲಿಸಿತು ಎಂಬುದು ಅವರ ನಂಬಿಕೆ. ಅದಾದ ಕೆಲವೇ ದಿನಗಳಲ್ಲಿ ಬಹಾಮಾಸ್‌ನ ಬಿಮಿನಿಯಲ್ಲಿ ಸೆರೆಯ ಡಾಲ್ಫಿನ್ ಒಂದನ್ನು ಬಿಡಿಸಲು ಹೋಗಿ ಬಂಧನಕ್ಕೊಳಗಾದರು.

ಪ್ರಶ್ನೆ: ‘ಯಾವ ಪ್ರಾಣಿಗೂ ಹಾನಿಯಾಗಿಲ್ಲ’ ಎಂಬ ಸಾಲನ್ನು ನಂಬಬಹುದೇ? (ಓದುಗರು, ಮೈಸೂರು)

ಉತ್ತರ: ಸೆಟ್ಟಿನ ಮಟ್ಟಿಗೆ ನಂಬಬಹುದು. ಪ್ರಾಣಿಯನ್ನು ಎಲ್ಲಿ ಹಿಡಿದರು, ಕ್ಯಾಮೆರಾ ಹೋದಮೇಲೆ ಅದು ಎಲ್ಲಿ ಬದುಕಿತು ಎಂಬುದನ್ನು ಆ ಸಾಲು ಹೇಳುವುದಿಲ್ಲ.

ಪ್ರಶ್ನೆ: ಕಿರುಚಿತ್ರಕ್ಕೆ ಎರಡು ಡಾಲ್ಫಿನ್ ಶಾಟ್ ಬೇಕು. ಬಾಡಿಗೆಗೆ ಸಿಗುತ್ತವೆಯೇ? (ಓದುಗರು, ಬೆಂಗಳೂರು)

ಉತ್ತರ: ಭಾರತದಲ್ಲಿ ಇಲ್ಲ. ಡಾಲ್ಫಿನೇರಿಯಂಗಳಿಗೆ ಅನುಮತಿ ಕೊಡಬಾರದೆಂದು ಕೇಂದ್ರವು 2013ರ ಮೇ ತಿಂಗಳಲ್ಲಿ ರಾಜ್ಯಗಳಿಗೆ ಸುತ್ತೋಲೆ ಕಳಿಸಿದೆ. ಕಾರವಾರದ ಕಡಲಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳು ತಾವಾಗಿಯೇ ಕಾಣಸಿಗುತ್ತವೆ. ಅರಣ್ಯ ಇಲಾಖೆಯನ್ನು ಮೊದಲೇ ವಿಚಾರಿಸಿ. ಗಾಳಿ ಏಳುವ ಮುಂಚೆ, ಬೆಳಿಗ್ಗೆಯೇ ಹೊರಡಿ. ದೋಣಿಯನ್ನು ಗುಂಪಿನ ದಾರಿಗೆ ಅಡ್ಡ ಒಯ್ಯದೆ ಪಕ್ಕದಲ್ಲಿ, ನಿಧಾನ ವೇಗದಲ್ಲಿ ನಡೆಸಿ. ಹತ್ತಿರ ಬಂದರೆ ಎಂಜಿನ್ ನ್ಯೂಟ್ರಲ್‌ಗೆ ಹಾಕಿ, ಮೀನು ಎಸೆಯಬೇಡಿ. ಬೆನ್ನಷ್ಟೇ ಕಾಣುತ್ತದೆ, ಫ್ಲಿಪ್ಪರ್‌ನಂಥ ಜಿಗಿತ ಸಿಗುವುದು ಅಪರೂಪ. ಜಿಗಿತವೇ ಬೇಕೆಂದರೆ ಗ್ರಾಫಿಕ್ಸ್ ಮಾಡಿಸಿ. ನೀರು ಚಿಮ್ಮುವುದನ್ನು ಸರಿಯಾಗಿ ತೋರಿಸಲಿಕ್ಕೇ ಅದರಲ್ಲಿ ಹೆಚ್ಚು ದುಡ್ಡು ಬೀಳುತ್ತದೆ, ಡಾಲ್ಫಿನ್‌ಗಲ್ಲ.